ಸ್ವೀಡನ್ನಿನ ಕವಿ ಓದದೆ ಹೋದ ಪದ್ಯ

ಅಂದು ಸ್ವೀಡನ್ನಿನ ಕವಿಗೆ ತೊಡಿಸಿದ ಮೈಸೂರು ಪೇಟ ಬಿಳಿಯದೋ ಕೇಸರಿಯದೋ ಎಂದು ಯಾರಾದರೂ ಆಣೆಯಿಟ್ಟು ಕೇಳಿದರೆ ನಾನು ತಡವರಿಸುತ್ತೇನೆ. ಬಿಳಿಯದೆಂದು ನನ್ನ ನೆನಪು. ಕೇಸರಿಯೆಂದು ನನ್ನ ಹೆಂಡತಿಯ ನೆನಪು. ಅವಳು ಅಂದು ಸಭೆಗೆ ಬಂದೇ ಇರಲಿಲ್ಲ ಎಂಬುದು ನನ್ನ ಇನ್ನೊಂದು ನೆನಪು. ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದಿದ್ದರಿಂದ ನನಗೆ ದಕ್ಕಿದ್ದು ಎಲ್ಲವನ್ನೂ ಸಂಶಯಿಸುವ ಚಟವೊಂದೇ. ದೇವರಿಂದ ಶುರುವಾದ ಆ ಚಟ ವಯಸ್ಸಾದಂತೆ ನನ್ನ ತಲೆಯ ಕಡೆಗೇ ತಿರುಗಿದೆ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಬನಶಂಕರಿಯಲ್ಲಿ ಮೆಟ್ರೋ ಇಳಿದು, ಎದುರಿನ ಮೆಟ್ರೋ ಹಿಡಿದು ಜಯನಗರಕ್ಕೆ ವಾಪಸ್ಸು ಬರುವವನ ಸಾಕ್ಷ್ಯವನ್ನು ಎಷ್ಟು ನಂಬಬೇಕೆಂಬುದು ನಿಮಗೆ ಬಿಟ್ಟದ್ದು.

ನಡೆದದ್ದು ಇಷ್ಟು, ಅಥವಾ ಸುಮಾರಾಗಿ ಇಷ್ಟು. ಯಾವುದೋ ಉತ್ಸವಕ್ಕೆಂದು ಬೆಂಗಳೂರಿಗೆ ಬಂದಿದ್ದ ಆ ಹೆಸರಾಂತ ಕವಿಯನ್ನು ಜಯನಗರದ ನಮ್ಮ ಪುಟ್ಟ ಸಾಹಿತ್ಯ ಬಳಗ ಒಂದು ಸಂಜೆಯ ಮಟ್ಟಿಗೆ ಒಲಿಸಿಕೊಂಡಿತ್ತು. ಒಲಿಸಿದವರು ಗಿರಿಜಾ ಮೇಡಂ. ಬ್ಯಾಂಕಿನಿಂದ ನಿವೃತ್ತರಾಗಿ ಜೆ.ಪಿ. ನಗರದಲ್ಲಿ ನೆಲೆಸಿರುವ ಅವರು, ಬೆಳಗ್ಗೆ ವಿಭೂತಿ ಧರಿಸಿ ಪೂಜೆ ಮುಗಿಸಿದವರೇ ಆ ಕವಿಯ ಪದ್ಯಗಳ ಮುಂದೆ ಕೂರುತ್ತಿದ್ದರು. ಸ್ವೀಡಿಷ್ ಬಾರದು, ಇಂಗ್ಲಿಷಿನ ಮೂಲಕವೇ ಕನ್ನಡಕ್ಕೆ ತರಬೇಕು. ವರ್ಷಗಟ್ಟಲೆ ತಂದರು. ಪುಸ್ತಕ ಅಚ್ಚಿಗೆ ಹೋಗುವುದು ಒಂದೇ ಒಂದು ಪದ್ಯಕ್ಕಾಗಿ ನಿಂತಿತ್ತು. ಅದರಲ್ಲಿ, ಚಳಿಗಾಲವಿಡೀ ಹೆಪ್ಪುಗಟ್ಟಿದ ಸಮುದ್ರದಾಚೆಯ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದ ಮೀನುಗಾರನೊಬ್ಬ ಮನೆಗೆ ಮರಳುತ್ತಾನೆ, ಹೆಂಡತಿ ಬಾಗಿಲು ತೆರೆಯುತ್ತಾಳೆ, ಕೊನೆಯ ಸಾಲಿನಲ್ಲಿ ಒಂದೇ ಒಂದು ಮಾತಾಡುತ್ತಾಳೆ.

“‘ಅಂತೂ ಬಂದೆ’ ಅಂತಾಳೆ. ಅದನ್ನ ನಗ್ತಾ ಅಂತಾಳೋ, ಅಳ್ತಾ ಅಂತಾಳೋ, ಉರ್ಕೊಂಡು ಅಂತಾಳೋ? ಇಂಗ್ಲಿಷ್ ನೋಡಿದ್ರೆ ಏನೂ ಗೊತ್ತಾಗಲ್ಲ ಕಣಯ್ಯ. ಅವರು ಓದೋದು ಒಂದ್ಸಲ ಕಿವಿಗೆ ಬಿದ್ರೆ ಸಾಕು” ಎನ್ನುತ್ತಿದ್ದರು ಮೇಡಂ.

ಕವಿ ತನ್ನ ವಾಚನವನ್ನು ಧ್ವನಿಮುದ್ರಿಸಿಕೊಳ್ಳಲು ಯಾರಿಗೂ ಬಿಟ್ಟವನಲ್ಲ. ಯೂಟ್ಯೂಬನ್ನು ಜಾಲಾಡಿದರೂ ಆತನ ದನಿ ಸಿಗುತ್ತಿರಲಿಲ್ಲ. ಪತ್ರ ಬರೆದು ಕೇಳಬಹುದಲ್ಲ ಎಂದು ನಾನು ಜಾಣತನ ತೋರಿಸಿದೆ. “ಬರೆದು ಕೇಳಿದ್ರೆ ಬರೆದೇ ಉತ್ತರ ಕೊಡ್ತಾರೆ. ಬರೆದಿದ್ದು ನನ್ನ ಹತ್ರ ಆಗ್ಲೇ ಇದೆಯಲ್ಲ” ಎಂದರು.

ಇನ್ನು ಸಭೆ. ಕನ್ನಡದ ಸಭೆಗಳ ಕ್ರಮ ನಿಮಗೆ ಗೊತ್ತೇ ಇದೆ. ಪ್ರಾರ್ಥನೆಯಾಯಿತು, ಗಾಳಿಗೆ ಆರಿದ ದೀಪವನ್ನು ಮತ್ತೆ ಬೆಳಗಿದ್ದಾಯಿತು, ಸ್ವಾಗತ, ಹಾರ, ಶಾಲು, ಬಣ್ಣ ನೆನಪಿಲ್ಲದ ಆ ಪೇಟ, ಹಣ್ಣಿನ ಬುಟ್ಟಿ, ಬುಟ್ಟಿಯೊಂದಿಗೆ ಫೋಟೋ. ಆಮೇಲೆ ಅತಿಥಿ ಪರಿಚಯ. ಅದನ್ನು ವಹಿಸಿಕೊಂಡವರು ನಿವೃತ್ತ ಪ್ರಾಂಶುಪಾಲರೊಬ್ಬರು. ‘ಕವಿಯ ಜೀವನ ಮತ್ತು ಸಾಧನೆ’ ಎಂಬ ತಮ್ಮ ವಿಷಯವನ್ನು ಅವರು ವಾರಗಟ್ಟಲೆ, ಮಗಳ ಮದುವೆಗೆ ಓಡಾಡಿದಷ್ಟೇ ಶ್ರದ್ಧೆಯಿಂದ ಸಿದ್ಧಪಡಿಸಿದ್ದರು. ಆ ಜೀವನ ಕವಿಯ ಮುತ್ತಜ್ಜನಿಂದ ಆರಂಭವಾಯಿತು. ಬಲೆ ಹೆಣೆಯುತ್ತಿದ್ದ ತಂದೆ, ದೋಣಿಯಲ್ಲಿ ಟಿಕೆಟ್ ಹರಿಯುತ್ತಿದ್ದ ಯೌವನ, ಯಾರೂ ಕೊಳ್ಳದ ಮೊದಲ ಸಂಕಲನ, ಎಲ್ಲರೂ ಹೊಗಳಿದ ಎರಡನೆಯದು, ‘ಸಾಂಸಾರಿಕ ಏರುಪೇರು’ ಎಂದು ಅವರು ಮರ್ಯಾದೆಯಿಂದ ಹೇಳಿದ ವಿಚ್ಛೇದನ ಎಲ್ಲವೂ ಬಂದವು. ಪಾಪ, ಕವಿಗೆ ಕನ್ನಡ ಬಾರದು. ತನ್ನ ಹೆಸರು ಕಿವಿಗೆ ಬಿದ್ದಾಗಲೆಲ್ಲ ತನ್ನ ಸರದಿ ಬಂತೆಂದುಕೊಂಡು ಪುಸ್ತಕ ಹಿಡಿದು ಅರ್ಧ ಎದ್ದು, ಮತ್ತೆ ಕೂರುತ್ತಿದ್ದ.

ನನ್ನ ಹಿಂದೆ ಬಿ.ಟಿ.ಎಂ. ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಧಾರವಾಡದ ಕಡೆಯ ಇಬ್ಬರು ಕೂತಿದ್ದರು. “ಲೇ, ಕವಿ ಇನ್ನಾ ಹೈಸ್ಕೂಲ್‌ದಾಗ ಅದಾನ” ಎಂದ ಒಬ್ಬ. “ಇಂವಗ ನೌಕರಿ ಹತ್ತೂದು ಯಾವಾಗ, ಲಗ್ನ ಆಗೂದು ಯಾವಾಗ?” ಎಂದ ಇನ್ನೊಬ್ಬ. ನಾನೂ ನಕ್ಕೆ. ಮುಂದಿನ ಸಾಲಿನಲ್ಲಿ ಗಿರಿಜಾ ಮೇಡಂ ಬೆನ್ನು ಸೆಟೆಸಿ ಕೂತಿದ್ದರು.

ಕವಿಗೆ ದೊಡ್ಡ ಪ್ರಶಸ್ತಿ ಬರುವ ಹೊತ್ತಿಗೆ ಸಭಾಂಗಣದ ಮ್ಯಾನೇಜರ್ ಫ್ಯಾನುಗಳನ್ನು ಆರಿಸತೊಡಗಿದ. ಮುಂದಿನದು ಯಾರದೋ ಸೀಮಂತ. ಹೂವಿನವರು ಬಾಗಿಲಲ್ಲೇ ನಿಂತಿದ್ದರು. “ಸಾರ್, ಬೇಗ ಖಾಲಿ ಮಾಡಿ ಸಾರ್, ಬಸುರಿ ಹೆಂಗಸು ಹೊರಗೆ ಕಾಯ್ತಾವ್ರೆ” ಎಂದ. ಅದಕ್ಕೆ ಎದುರಾಡುವ ಎದೆ ಯಾವ ಸಾಹಿತ್ಯ ಬಳಗಕ್ಕಿದೆ? ಅಧ್ಯಕ್ಷರು ಪ್ರಾಂಶುಪಾಲರ ಮಾತನ್ನು ಮೊಟಕುಗೊಳಿಸಿದರು, ವಾಚನವನ್ನು ಬಿಟ್ಟರು. ಆದರೆ ವಂದನಾರ್ಪಣೆ ಬಿಡುವಂತಿರಲಿಲ್ಲ. ಅದು ನನ್ನ ಪಾಲಿನದು. ಮೊದಲೇ ಬರೆದುಕೊಂಡು ಹೋಗಿದ್ದನ್ನು ಹಾಗೆಯೇ ಓದಿ, ತಮ್ಮ ಅಮೋಘ ಕಾವ್ಯವಾಚನದಿಂದ ನಮ್ಮನ್ನು ತಣಿಸಿದ್ದಕ್ಕಾಗಿ ಕವಿಗೆ ಕೃತಜ್ಞತೆ ಸಲ್ಲಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕವಿಯೂ ತಟ್ಟಿದ. ಆತನ ಇಡೀ ಬಾಳನ್ನು ಅಷ್ಟು ಅಕ್ಕರೆಯಿಂದ ಕೇಳಿಸಿಕೊಂಡ ನಮ್ಮಲ್ಲಿ, ಎರಡು ನಿಮಿಷದ ಒಂದು ಪದ್ಯಕ್ಕೆ ಜಾಗವಿರಲಿಲ್ಲ. ಮುಂದಿನ ಚಳಿಗಾಲದಲ್ಲಿ ಆತ ತೀರಿಕೊಂಡ ಸುದ್ದಿ ಬಂತು.

ಆದರೂ ಒಂದು ಸಮಾಧಾನ ನನ್ನ ಬಳಿಯಿತ್ತು. ಎಲ್ಲರೂ ಕೇಸರಿಬಾತಿನ ಕಡೆ ನುಗ್ಗಿದಾಗ ಮೆಟ್ಟಿಲ ಬುಡದಲ್ಲಿ ಕವಿ ಬಗ್ಗಿ ಮೇಡಂ ಕಿವಿಯ ಹತ್ತಿರ ಏನೋ ಹೇಳಿದ್ದನ್ನೂ, ಅವರು ಕಣ್ಣು ತಗ್ಗಿಸಿ ಕೇಳಿದ್ದನ್ನೂ ನಾನು ದೂರದಿಂದ ಕಂಡಿದ್ದೆ. ಸಭೆಗೆ ಓದದಿದ್ದರೂ ಅವರೊಬ್ಬರಿಗೆ ಓದಿದ ಎಂದು ಎಷ್ಟೋ ಕಡೆ ಹೇಳಿಕೊಂಡು ಬಂದಿದ್ದೇನೆ. ಹೇಳುತ್ತ ಹೇಳುತ್ತ ಆ ದೃಶ್ಯಕ್ಕೆ ಸಣ್ಣ ಮಳೆಯೂ ಸೇರಿಕೊಂಡಿತು. ಮಳೆ ಸೇರಿದ ಮೇಲೆ ನನಗೆ ಸಂಶಯ ಶುರುವಾಯಿತು.

ಮೊನ್ನೆ ಯಡಿಯೂರು ಕೆರೆಯ ಸುತ್ತ ನಡೆಯುವಾಗ ಮೇಡಂ ಸಿಕ್ಕರು. ಕಲ್ಲುಬೆಂಚಿನ ಮೇಲೆ ಕೂತು ಕೇಳಿಯೇಬಿಟ್ಟೆ.

“ಓದ್ಲಿಲ್ಲ ಕಣಯ್ಯ. ಬಾತ್‌ರೂಮ್ ಎಲ್ಲಿ ಅಂತ ಕೇಳಿದ್ರು. ಪಾಪ, ಎಷ್ಟು ಹೊತ್ತು ಕೂತಿದ್ರು! ಅವರು ವಾಪಸ್ ಬರೋಷ್ಟರಲ್ಲಿ ಕಾರ್ ಬಂತು, ಅವರನ್ನ ಹತ್ತಿಸ್ಕೊಂಡು ಹೋಯ್ತು.”

“ಹಾಗಾದ್ರೆ ಆ ಪದ್ಯ, ಮೇಡಂ? ಪುಸ್ತಕದಲ್ಲಿ ಬಂತಲ್ಲ.”

“ಬಂತು. ಕೊನೇ ಸಾಲು ಬಿಟ್ಬಿಟ್ಟೆ. ನನಗೇ ಕೇಳಿಸದೇ ಇರೋದನ್ನ ಹೇಗೆ ಬರೀಲಿ? ಯಾರಾದ್ರೂ ಕೇಳ್ತಾರೆ ಅಂತಿದ್ದೆ. ಯಾರೂ ಕೇಳ್ಲಿಲ್ಲ. ನೀನು ಪೇಪರ್‌ನಲ್ಲಿ ಮುಕ್ತಾಯ ಬಹಳ ಸೊಗಸಾಗಿದೆ ಅಂತ ಬೇರೆ ಬರೆದೆ.”

ಬರೆದಿದ್ದೆನೇ? ಬರೆದಿರಬೇಕು. ಮನೆಗೆ ಬಂದವನೇ ಕಪಾಟಿನಿಂದ ಎರಡೂ ಪುಸ್ತಕ ತೆಗೆದು, ಆ ಪದ್ಯವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಕನ್ನಡದಲ್ಲಿ ಬಾಗಿಲು ತೆರೆಯುತ್ತದೆ, ಅಷ್ಟೇ. ಇಂಗ್ಲಿಷಿನಲ್ಲಿ ಆ ಹೆಂಗಸು ಮಾತಾಡುತ್ತಾಳೆ.