ಮನೆಗಾಡಿಗೆ ಜೋಹರಾಬಿ ಹೊಲಿದ ನೆರಳು

ಗಂಗಾವತಿಯ ಹೊರಗಿನ ಬಯಲಿನಲ್ಲಿ ಇನ್ನೂ ಹೊತ್ತು ಮೂಡಿಲ್ಲ. ಈ ವಾರದ ನಾಲ್ಕನೆಯ ಮಳೆಗೆ ನೆನೆದ ಎರೆಮಣ್ಣು ಚಪ್ಪಲಿ ಬಿಡುತ್ತಿಲ್ಲ. ಬಯಲ ನಡುವೆ ಬೂದುಬಣ್ಣದ ತಾಡಪತ್ರಿ ಹೊದ್ದು, ಅಜ್ಜಿ ಕತೆಯ ಶಾಪಗ್ರಸ್ತ ಆನೆಯಂತೆ ಒಂದು ಮನೆಗಾಡಿ ನಿಂತಿದೆ. ಮಂಚ, ಒಲೆ, ಕಿಟಕಿಗೆ ಪರದೆ, ಎಲ್ಲ ಒಳಗೇ ಇರುವ ಪ್ರವಾಸದ ವ್ಯಾನು ಅದು. ಐವತ್ತೆಂಟರ ಜೋಹರಾಬಿ ಸುತ್ತ ಒಂದು ಸುತ್ತು ಬಂದು ಹಗ್ಗದ ಗಂಟುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ. ಬಿಚ್ಚುವುದಿಲ್ಲ.

"ಬಿಚ್ಚ್ರಿ ಚಾಚಿ, ತಡಕೊಳ್ಳಾಕ ಆಗವಲ್ದು," ಎನ್ನುತ್ತಾನೆ ಗಾಡಿಯ ಒಡೆಯ ಯಂಕೇಶ.

"ಮೂರು ತಿಂಗಳಾ ತಡದಿ, ಇನ್ನೊಂದು ಗಳಿಗಿ ತಡಿಯಪಾ. ಬೆಳಕ ಹರೀಲಿ. ಕತ್ತಲ್ಯಾಗ ಛಲೋ ಅನ್ನಿಸಿಕೊಳ್ಳೋದು ನನಗ ಬ್ಯಾಡ."

ಆ ಹೊದಿಕೆಯ ಕೆಳಗೆ ಅವರ ಹೆಸರು ಅಡಗಿದೆ. ಹೋದ ವರ್ಷ ಇದೇ ಗಾಡಿಯ ನೆತ್ತಿಯ ಬಣ್ಣ ಕೆಟ್ಟದ್ದು ಅವರ ಕೈಯಿಂದಲೇ.

ಹಿಟ್ನಾಳದ ಹೆದ್ದಾರಿ ಬದಿಯ ತಗಡಿನ ಶೆಡ್ಡಿನಲ್ಲಿ ಜೋಹರಾಬಿ ಮೂವತ್ತೊಂದು ವರ್ಷದಿಂದ ಲಾರಿಗಳಿಗೆ ತಾಡಪತ್ರಿ ಹೊಲಿಯುತ್ತಿದ್ದಾರೆ. ಗಂಡ ಅಲ್ಲಾಸಾಬ ತೀರಿಕೊಂಡ ಮೇಲೆ ಅವರ ದಬ್ಬಣ ಇವರ ಕೈಗೆ ಬಂತು. ದಿನಕ್ಕೆ ಮೂರು ಹೊದಿಕೆ, ಸುಗ್ಗಿಯಲ್ಲಿ ಐದು. ಹೆಬ್ಬೆರಳ ಬುಡದಲ್ಲಿ ಹುಣಸೆಬೀಜದಂಥ ಗಟ್ಟಿ ಗಂಟು. "ಭತ್ತದ ಲಾರಿಗೆ ಒಂದ ಮಾತು ನೋಡ್ರಿ, ಬಿಗಿ! ಗಾಳಿ ಹೊಗಬಾರದು, ಹನಿ ಹೊಗಬಾರದು. ನಾ ಕಟ್ಟಿದ ಲಾರ್‍ಯಾಗ ಒಂದು ಕಾಳೂ ನೆಂದಿಲ್ಲ."

ಆ ಬಿಗಿಯೇ ಮುಳುವಾಯಿತು. ಪ್ರವಾಸಿಗರಿಲ್ಲದ ಬೇಸಿಗೆಯಲ್ಲಿ ಬಯಲಲ್ಲೇ ನಿಲ್ಲುವ ಮನೆಗಾಡಿಗೂ ಅವರು ಭತ್ತಕ್ಕೆ ಕಟ್ಟಿದಂತೆಯೇ ಕಟ್ಟಿದರು. ಒಳಗೆ ಸಿಕ್ಕ ಧೂಳು ಗಾಳಿ ಬೀಸಿದಾಗಲೆಲ್ಲ ಉಪ್ಪುಕಾಗದದಂತೆ ಬಣ್ಣ ಉಜ್ಜಿತು. ಮಳೆ ಬಿದ್ದ ಮೇಲೆ ಕಾವು, ತೇವ ಎರಡಕ್ಕೂ ಹೊರದಾರಿ ಇಲ್ಲದೆ ನೆತ್ತಿಯೆಲ್ಲ ಹಪ್ಪಳದಂತೆ ಉಬ್ಬಿತು. "ನನ್ನ ಗಾಡಿನ ಇಡ್ಲಿ ಬೇಯಿಸಿದಂಗ ಬೇಯಿಸೀರಲ್ಲ ಚಾಚಿ!" ಎಂದ ಯಂಕೇಶ. ಆ ಮಾತು ಜೋಹರಾಬಿಗಿಂತ ಮೊದಲು ಹಿಟ್ನಾಳ ಮುಟ್ಟಿತು. ಶೆಡ್ಡಿನ ಮುಂದೆ ಹಾಯುವ ಲಾರಿಯವರು "ಇಡ್ಲಿ ತಯಾರಾತೇನ್ರಿ?" ಎಂದು ಕೂಗತೊಡಗಿದರು. ಕೆಲಸ ಅರ್ಧಕ್ಕಿಳಿಯಿತು.

ಉತ್ತರ ಸಿಕ್ಕಿದ್ದು ಶೆಡ್ಡಿನ ಅಟ್ಟದ ಮೇಲೆ. ಮಾವ ರಾಜಾಸಾಬ ಸವಾರಿ ಬಂಡಿಗೆ ಬಿದಿರಿನ ಕಮಾನು ಕಟ್ಟುತ್ತಿದ್ದವರು. ಅವರ ಹಳೆಯ ಕಮಾನೊಂದು ಧೂಳು ತಿನ್ನುತ್ತ ಅಲ್ಲಿ ಬಿದ್ದಿತ್ತು.

"ಮದಲಗಿತ್ತಿ ಕುಂದ್ರೋ ಬಂಡ್ಯಾಗ ಕಮಾನಿನ ಮ್ಯಾಲಿನ ಚಾಪಿ ಆಕಿ ತಲಿಗೆ ತಾಕ್ತಿರಲಿಲ್ಲ. ನೆರಳ ಬೀಳಬೇಕು, ಗಾಳಿ ಆಡಬೇಕು. ಇಷ್ಟ ತಿಳೀಲಿಲ್ಲಲ್ಲ ಅಂತ ಹಣಿ ಬಡಕೊಂಡೆ."

ಮರುದಿನವೇ ಬಸ್ಸು ಹತ್ತಿ ಯಂಕೇಶನ ಮುಂದೆ ನಿಂತರು. ಹೊಸದಾಗಿ ಬಣ್ಣ ಹೊಡೆಸಿದ ಗಾಡಿಯನ್ನು ಇನ್ನೊಮ್ಮೆ ಕೊಡು ಎಂದರು. "ಈ ಸಲ ಒಂದು ಗುಳ್ಳಿ ಎದ್ರ, ದಬ್ಬಣ ನಿನ್ನ ಕೈಯಾಗ ಕೊಟ್ಟು ಹೋಗ್ತೀನಿ."

ಮೊದಲು ಗಾಡಿ ತೊಳೆದು, ಒರೆಸಿ, ಮೇಣದ ಪಾಲಿಶ್ ತಿಕ್ಕಿದರು. ಮಾವನ ಕಮಾನಿನಂತೆಯೇ ಬಿದಿರಿನಲ್ಲಿ ಕಟ್ಟಿದ ಆರು ಕಮಾನುಗಳ ಕಾಲಿಗೆ ಅರಳೆ ಸುತ್ತಿ ನೆತ್ತಿಯ ಮೇಲೆ ಕೂರಿಸಿ, ನಾಲ್ಕು ಬೆರಳು ಜಾಗ ಬಿಟ್ಟು ತಾಡಪತ್ರಿ ಹೊದಿಸಿದರು. ಗಾಡಿಯ ಮೈಗೆ ತಾಗುವ ಕಡೆ ತಮ್ಮ ಹಳೆಯ ನೂಲಿನ ಸೀರೆಗಳ ಒಳಪದರ. ಕೆಳಗೆ ಗಾಳಿಗೆ ಕಿಂಡಿಗಳು. ಆಮೇಲೆ ವಾರಕ್ಕೊಮ್ಮೆ ಸುಡುವ ಮಧ್ಯಾಹ್ನ ಬಂದು, ಕಿಂಡಿಯೊಳಗೆ ಕೈಯಿಟ್ಟು, ಕೂಸಿನ ಜ್ವರ ನೋಡಿದಂತೆ ನೋಡಿ ಹೋಗುತ್ತಿದ್ದರು.

ಈಗ ಬೆಳಕು ಹರಿದಿದೆ. ಗಂಟುಗಳು ಬಿಚ್ಚುತ್ತವೆ, ತಾಡಪತ್ರಿ ಸರ್ರನೆ ಜಾರುತ್ತದೆ, ಕಮಾನುಗಳು ಕೆಳಗಿಳಿಯುತ್ತವೆ. ಜೋಹರಾಬಿ ಏಣಿ ಹತ್ತಿ, ಕಣ್ಣು ಮುಚ್ಚಿ, ನೆತ್ತಿಯ ಮೇಲೆ ಅಂಗೈ ಎಳೆಯುತ್ತಾರೆ. ಈ ತುದಿಯಿಂದ ಆ ತುದಿ. ಎಲ್ಲೂ ತಡೆಯಿಲ್ಲ. ಕಣ್ಣು ತೆರೆದರೆ ನೀಲಿ ಬಣ್ಣದೊಳಗೆ ಎಳೆಬಿಸಿಲು ಹೊಳೆಯುತ್ತಿದೆ. ಪಕ್ಕದಲ್ಲೇ ಅವರ ಮುಖ.

"ಇಡ್ಲಿ ಬೆಂದಿಲ್ಲ ಚಾಚಿ!" ಯಂಕೇಶ ಕೆಳಗೆ ಕುಣಿಯುತ್ತಾನೆ. "ಕುಷ್ಟಗಿ ದೋಸ್ತಗ ಈಗ ಫೋನ್ ಹಚ್ತೀನಿ, ಅವನ ಗಾಡೀನೂ ನಿಮಗ. ನಿಮಗೇನ ಬೇಕು ಹೇಳ್ರಿ!"

ಜೋಹರಾಬಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಇದರಾಗ ಕಿಡಕಿ ಬಾಜೂ ಕುಂದ್ರಿಸಿ ನನ್ನ ಹಿಟ್ನಾಳಕ್ಕ ಬಿಡು. ಲಾರಿ ನಿಂತಿರ್ತಾವಲ್ಲ, ಅಲ್ಲಿ ಸಾವಕಾಶ ಹೊಡಿ, ಎಲ್ಲಾರೂ ನೋಡಲಿ." ಏಣಿ ಇಳಿಯುತ್ತ ಸೊಂಟಕ್ಕೆ ಸಿಕ್ಕಿಸಿದ ದಬ್ಬಣ ಮುಟ್ಟಿ ನೋಡಿಕೊಳ್ಳುತ್ತಾರೆ. "ಇದು ಮಾತ್ರ ನನ್ನ ಹಂತೇಕ ಇರಲಿ."