ಹೊಟ್ಟೆ ಎಂದು ಬರೆಸಿದ ಗಡ್ಡೆ

ಮೊನ್ನೆ ನಮ್ಮ ಮನೆಗೆ ಪ್ಲೈವುಡ್ಡಿನ ಹೊಸ ಕಪಾಟು ಬಂದಿತು. ಬಾಗಿಲು ತೆರೆದೊಡನೆ ಮೂಗನ್ನು ಚುಚ್ಚಿ ಕಣ್ಣಲ್ಲಿ ನೀರು ತರಿಸುವ ವಾಸನೆಯೊಂದು ಹೊರಬಿತ್ತು. ಅಂಟಿನದು, ಎರಡು ವಾರದಲ್ಲಿ ಹೋಗುತ್ತದೆ ಎಂದು ಬಡಗಿ ಸಮಾಧಾನ ಹೇಳಿದ. ಅವನಿಗೇನು ಗೊತ್ತು? ಅದೇ ವಾಸನೆ ಇಪ್ಪತ್ತು ವರ್ಷಗಳಿಂದ ನನ್ನ ತಲೆಯೊಳಗೆ ಬಾಡಿಗೆ ಇಲ್ಲದೆ ವಾಸವಾಗಿದೆ. ನನ್ನದೇ ದೇಹದ ತುಣುಕೊಂದನ್ನು ಮುಳುಗಿಸಿಟ್ಟಿದ್ದ ಫಾರ್ಮಾಲಿನ್ನಿನ ವಾಸನೆ ಅದು. ಆ ತುಣುಕನ್ನು ಬಸ್ಸಿನಲ್ಲಿ ಹೊತ್ತೊಯ್ದ ಮಹಾನುಭಾವರು, ಅಂದರೆ ನನ್ನ ಅಕ್ಕನ ಯಜಮಾನರು, ಮೂರು ದಿನಗಳಿಂದ ಅಕ್ಕನ ಸಮೇತ ಬಂದು ನಮ್ಮ ಪಡಸಾಲೆಯಲ್ಲೇ ಬಿಜಯಮಾಡಿಸಿದ್ದಾರೆ. ಚಹಾ ಸಪ್ಪೆಯಾಗಿದೆಯಂತೆ.

ಭಾವನವರು ಮುಂಡಗೋಡ ತಾಲೂಕಿನ ಮಳಗಿಯವರು. ನನ್ನ ಮದುವೆಯ ಪಂಕ್ತಿಯಲ್ಲಿ ಕುಳಿತು, ಚಿರೋಟಿ ಮೆತ್ತಗಾಗಿದೆ ಎಂದು ಬೀಗರ ಕಿವಿಗೆ ಬೀಳುವಂತೆ ಹೇಳಿದವರು. ದಾಂಡೇಲಿಯ ಮರದ ಡಿಪೋದಲ್ಲಿ ಸಾಗವಾನಿ ದಿಮ್ಮಿಗಳ ಸುತ್ತಳತೆ ಹಿಡಿದು ಬರೆಯುವ ನನ್ನ ಕೆಲಸವನ್ನು ‘ಕಟ್ಟಿಗಿ ಎಣಸೂ ನೌಕರಿ’ ಎಂದು ಮೂರು ಮದುವೆಗಳಲ್ಲಿಯೂ ಒಂದು ಶ್ರಾದ್ಧದಲ್ಲಿಯೂ ವರ್ಣಿಸಿದವರು. ಶ್ರಾದ್ಧದಲ್ಲಿ ಎರಡು ಸಲ. ನಾನು ಕ್ಷುಲ್ಲಕ ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವವನಲ್ಲ ಎಂಬುದನ್ನು ನೀವೇ ನೋಡುತ್ತಿದ್ದೀರಿ.

ಆ ವರ್ಷ ನನಗೆ ಕುಳಿತಾಗಲೆಲ್ಲ ಒಂದು ಹುಣಸೆಬೀಜದ ಮೇಲೆ ಕುಳಿತಂತೆ ಭಾಸವಾಗತೊಡಗಿತು. ಮೂಲವ್ಯಾಧಿ ಎಂದು ಇಡೀ ಡಿಪೋ ಒಮ್ಮತದಿಂದ ತೀರ್ಮಾನಿಸಿತು. ಜೋಯಿಡಾದ ಸಹೋದ್ಯೋಗಿಯೊಬ್ಬರು ಚೀಲ ತುಂಬ ಸುವರ್ಣಗೆಡ್ಡೆ ಹೊರಿಸಿಕೊಂಡು ಬಂದರು. ಆರು ತಿಂಗಳು ತಿಂದೆ. ಗುಣವಾದದ್ದು ಅವರ ಹಿತ್ತಲಿನ ಗೆಡ್ಡೆಯ ದಾಸ್ತಾನು ಮಾತ್ರ. ಕೊನೆಗೆ ಹಳಿಯಾಳಕ್ಕೆ ವಾರಕ್ಕೊಮ್ಮೆ ಬರುತ್ತಿದ್ದ ಶಸ್ತ್ರವೈದ್ಯರು ಬೆರಳಿನಿಂದ ಪರೀಕ್ಷಿಸಿ, “ಮೂಲವ್ಯಾಧಿ ಅಲ್ರೀ ಇದು. ಮಲಾಶಯದ ಗ್ವಾಡ್ಯಾಗ ಗಡ್ಡಿ ಐತಿ,” ಎಂದರು, ಕೆಳಗಿನಿಂದಲೇ ಅದನ್ನು ಬಿಡಿಸಿ ತೆಗೆದರು.

ಆಗಿನ ಪದ್ಧತಿ ನಿಮಗೆ ನೆನಪಿರಬಹುದು. ತೆಗೆದ ಗಡ್ಡೆಯನ್ನು ರೋಗಿಯ ಕಡೆಯವರೇ ಬಾಟಲಿಯಲ್ಲಿ ಹುಬ್ಬಳ್ಳಿಯ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ನನ್ನ ಹೆಂಡತಿ ಉಪ್ಪಿನಕಾಯಿಯ ಅಗಲ ಬಾಯಿಯ ಬಾಟಲಿಯನ್ನು ತೊಳೆದು ಕೊಟ್ಟಳು. ವೈದ್ಯರು ವಿವರ ಬರೆದ ಚೀಟಿ ಅಂಟಿಸಿದರು. ಭಾವನವರು, “ನಾ ಅದೇನಿ, ಚಿಂತಿ ಬಿಡು,” ಎಂದು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದರು. ಚಿಂತೆ ಆರಂಭವಾದದ್ದು ಅಲ್ಲಿಂದ.

ಹದಿನೈದು ದಿನಕ್ಕೆ ವರದಿ ತಂದರು; ಜೊತೆಗೆ ಪೇಢೆ. “ಸೌಮ್ಯ ಗಡ್ಡಿ ಐತಂತ. ಇನ್ನ ನೂರು ವರ್ಷ ಕಟ್ಟಿಗಿ ಎಣಸ್ಕೋತ ಇರು!” ಮನೆಯವರೆಲ್ಲ ಪೇಢೆ ತಿಂದರು. ನಾನು ಡಿಪೋದ ಪಟ್ಟಿ ಓದುವಂತೆ ವರದಿಯನ್ನು ಸಾಲುಸಾಲಾಗಿ ಓದಿದೆ. ಜೀರ್ಣಾಂಗಗಳ ಗೋಡೆಯಲ್ಲಿ ಹುಟ್ಟುವ ಅಪರೂಪದ ಸ್ಟ್ರೋಮಲ್ ಗಡ್ಡೆ. ಗಾತ್ರ ಇಷ್ಟು. ಗಡ್ಡೆ ಇದ್ದ ಜಾಗ: ಜಠರ.

“ಭಾವಾ, ನನ್ನ ಹೊಟ್ಟಿ ಯಾವಾಗ ಕೊಯ್ದರ್ರೀ?”

ಅವರು ಪೇಢೆಯನ್ನು ಎರಡನೆಯ ಸಲ ಅಗಿಯತೊಡಗಿದರು. ಬಸ್ಸಿನಲ್ಲಿ ಮುಚ್ಚಳ ಸೋರಿ ಚೀಟಿಯ ಶಾಯಿ ಕದಡಿಹೋಗಿತ್ತಂತೆ. ಯಾವ ಜಾಗದ್ದು ಎಂದು ಕೌಂಟರಿನಲ್ಲಿ ಕೇಳಿದರಂತೆ. “ಅಲ್ಲೋ ಮಾರಾಯಾ, ನಮ್ಮ ಹುಡುಗಿನ್ನ ನೋಡಿ ಹೋದ ಮುಂಡಗೋಡದ ಮಂದಿ ರಕ್ತಾ ತೋರಿಸ್ಲಿಕ್ಕೆ ಬಂದು ಅಲ್ಲೇ ಬಾಕಿನ ಮ್ಯಾಲೆ ಕುಂತಿದ್ರು. ಹುಡುಗಿ ಸ್ವಾದರಮಾವಗ ಗಡ್ಡಿ ಅಲ್ಲಿ ಆಗೇತಿ ಅಂತ ಅವರ ಮುಂದ ಹೆಂಗ ಒದರ್ಲಿ? ಹೊಟ್ಟೀದು ಅಂದೆ. ಹೊಟ್ಟಿ ಅಂದ್ರ ಮರ್ಯಾದಿ.”

ಹೀಗೆ ನನ್ನ ಆಯುಷ್ಯದ ಲೆಕ್ಕವನ್ನು ಅವರ ಮಗಳ ನಿಶ್ಚಿತಾರ್ಥದ ಸೌಕರ್ಯಕ್ಕೆ ಹೊಂದಿಸಲಾಗಿತ್ತು.

ಮಾಯದ ಗಾಯದೊಂದಿಗೆ, ದಿಂಬೊಂದನ್ನು ಬಗಲಲ್ಲಿಟ್ಟುಕೊಂಡು, ನಾನೇ ಹುಬ್ಬಳ್ಳಿಗೆ ಹೋದೆ. ವರದಿ ಬರೆದ ವೈದ್ಯೆ ನನ್ನ ತಕರಾರನ್ನು ಕೇಳಿ ಮೊದಲು ನಕ್ಕರು, ಆಮೇಲೆ ನಗಲಿಲ್ಲ. ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದರು. ನೂಲುವ ಕದಿರಿನಂತೆ ಎರಡೂ ತುದಿ ಚೂಪಾದ ಕೋಶಗಳು ಕಟ್ಟುಕಟ್ಟಾಗಿ, ಥೇಟು ಸಾಗವಾನಿ ಹಲಗೆಯ ಎಳೆಯಂತೆ, ಮಲಗಿದ್ದವು. ನನ್ನನ್ನು ಕೊಲ್ಲಬಹುದಾದ ವಸ್ತು ಇಷ್ಟು ಒಪ್ಪವಾಗಿತ್ತೆಂದು ಒಂದು ಕ್ಷಣ ಅಭಿಮಾನವೂ ಆಯಿತು.

“ಎಷ್ಟು ದೊಡ್ಡದು, ಒಡದು ಎರಡಾಗೂ ಕೋಶ ಎಷ್ಟು, ಎಲ್ಲಿ ಹುಟ್ಟೇತಿ, ಈ ಮೂರೂ ಬೇಕ್ರೀ,” ಎಂದರು. “ಮೊದಲಿನ ಎರಡು ಇದ್ದಂಗ ಅದಾವ. ಜಾಗ ಬದಲಾತಲ್ಲ, ಇದಽ ಗಡ್ಡಿ ಹೊಟ್ಟ್ಯಾಗ ಇದ್ದಿದ್ರ ಇಷ್ಟು ಅಂಜೂದಿರಲಿಲ್ಲ. ಮಲಾಶಯದಾಗ ಆದ್ರ ಮತ್ತ ಬರೂ ಸಂಭವ ಭಾಳ.”

ಇದನ್ನು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಒಂದೇ ಸುತ್ತಳತೆಯ ಎರಡು ದಿಮ್ಮಿಗಳಲ್ಲಿ ಬಂಡೆಯ ಮೇಲೆ ಬೆಳೆದದ್ದು ಬೇರೆ, ಜೌಗಿನಲ್ಲಿ ಬೆಳೆದದ್ದು ಬೇರೆ.

“ಎಷ್ಟು ದಿನ ಬದುಕೇನ್ರೀ?”

“ಗಡ್ಡಿ ಗುಣಾ ಹೇಳಬಲ್ಲೆ, ನಿಮ್ಮ ಹಣೇಬರಹ ಹೇಳಲಾರೆ. ಆರು ತಿಂಗಳಿಗೊಮ್ಮೆ ತೋರಿಸ್ಕೋತ ಹೋಗ್ರಿ, ತಪ್ಪಿಸಬ್ಯಾಡ್ರಿ. ಮತ್ತ ಇನ್ನ ಮ್ಯಾಲೆ ಚೀಟಿ ಪೆನ್ಸಿಲ್ಲಿನಾಗ ಬರಸ್ರಿ. ಪೆನ್ಸಿಲ್ಲು ಕದಡೂದಿಲ್ಲ.”

ತಪ್ಪಿಸಲಿಲ್ಲ. ನಾಲ್ಕನೆಯ ವರ್ಷ ಅದೇ ಜಾಗದಲ್ಲಿ ಬಟಾಣಿ ಕಾಳಿನಷ್ಟು ಮತ್ತೆ ತಲೆಯೆತ್ತಿತು. ಹುಡುಕುತ್ತಿದ್ದುದರಿಂದ ಸಿಕ್ಕಿತು, ತೆಗೆದರು, ವರ್ಷಗಟ್ಟಲೆ ಗುಳಿಗೆ ನುಂಗಿದೆ. ಮರ್ಯಾದೆಯ ವರದಿಯನ್ನು ನಂಬಿ ಪೇಢೆ ತಿಂದಿದ್ದರೆ ಭಾವನವರು ನನ್ನ ಶ್ರಾದ್ಧದಲ್ಲಿಯೂ ಕಟ್ಟಿಗೆ ಎಣಿಸಿದ ಕಥೆ ಹೇಳುತ್ತಿದ್ದರು. ಈಗ ಬೇರೆ ಕಥೆ ಹೇಳುತ್ತಾರೆ: “ಇಂವ ಉಳದದ್ದು ಯಾರಿಂದ? ಬಾಟ್ಲಿ ಒಯ್ದಾಂವ ನಾನಽ!”

ಇವತ್ತು ಸಂಜೆ ಆ ಕಪಾಟಿನ ಬಾಗಿಲು ಮುಚ್ಚಿ ಪಡಸಾಲೆಗೆ ಬಂದೆ. ಭಾವನವರು ಕುರ್ಚಿಯಲ್ಲಿ ಒಂದೇ ಮಗ್ಗುಲಿಗೆ ಕುಳಿತಿದ್ದರು. ಕೆಳಗೆ ನನ್ನ ದಿಂಬು. ಬಂದ ದಿನವೇ ‘ಹೊಟ್ಟಿ ಸರಿ ಇಲ್ಲ’ ಎಂದು ಗಂಜಿ ಮಾಡಿಸಿಕೊಂಡಿದ್ದರು. ಅಳತೆಯಲ್ಲಿ ಮೈಮರೆಯದ ನಾನು ಮೂರು ದಿನ ಇದನ್ನು ನೋಡಿಯೂ ನೋಡಿರಲಿಲ್ಲ.

“ಭಾವಾ, ಹೊಟ್ಟ್ಯಾಗರೀ, ಕೆಳಗರೀ?”

ಅವರು ಅಡಿಗೆಮನೆಯ ಕಡೆಗೆ ನೋಡಿದರು. ಅಲ್ಲಿ ನನ್ನ ಹೆಂಡತಿಯೂ ಅಕ್ಕನೂ ಮಾತಾಡುತ್ತಿದ್ದರು. “ಕೆಳಗ,” ಎಂದರು, ಕಪ್ಪಿನೊಳಗೆ. “ರಕ್ತಾನೂ ಹೋಗ್ತೈತಿ. ದೀಪಾವಳಿಯಿಂದ. ನಿನ್ನ ಹಂತೇಕ ಹೇಳಾಕಂತನಽ ಬಂದೇನೋ. ಬಾಯಿ ಬರವಲ್ದು. ನಿಮ್ಮಕ್ಕಗ ಹೇಳಬ್ಯಾಡ.”

ಇಪ್ಪತ್ತು ವರ್ಷ ಮಸೆದಿಟ್ಟ ಒಂದು ವಾಕ್ಯ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿಮಗೂ ಅದನ್ನು ಹೇಳಲಾರೆ. ನಾನು ಪೆನ್ಸಿಲು ತಂದು ಚೀಟಿಯ ಮೇಲೆ ಅವರ ಹೆಸರು, ವಯಸ್ಸು, ಕೆಳಗೆ ದಪ್ಪ ಅಕ್ಷರಗಳಲ್ಲಿ ಜಾಗದ ಹೆಸರನ್ನು ಬರೆದು ಜೇಬಿಗೆ ಹಾಕಿಕೊಂಡೆ.

ನಾಳೆ ಮುಂಜಾನೆಯ ಬಸ್ಸಿಗೆ ಇಬ್ಬರೂ ಹುಬ್ಬಳ್ಳಿಗೆ ಹೊರಡುತ್ತೇವೆ. ಬಾಕಿನ ಮೇಲೆ ಯಾವ ಬೀಗರು ಬೇಕಾದರೂ ಕುಳಿತಿರಲಿ. ಕೌಂಟರಿನಲ್ಲಿ ಮಾತನಾಡುವವನು ನಾನು, ಗಟ್ಟಿಯಾಗಿ.