ದನಿ ತೆಗೆದ ಹೇಸರಗತ್ತೆಗಳು

ಚೀನಾ ಯುದ್ಧದ ಮರುವರ್ಷ ನಾನು ಕಣಕಟ್ಟೆ ಶಾಲೆಯಲ್ಲಿ ಮೇಷ್ಟ್ರು. ಸ್ವಾತಂತ್ರ್ಯ ದಿನಕ್ಕೆ ಮಾಜಿ ಸೈನಿಕರೊಬ್ಬರನ್ನು ಸನ್ಮಾನಿಸಬೇಕೆಂದು ಹೆಡ್‌ಮಾಸ್ಟರು ಹೇಳಿದರು. ಹಿಂದೆ ಬರ್ಮಾದ ಯುದ್ಧಕ್ಕೆ ಹೋಗಿಬಂದಿದ್ದ ಸಿದ್ದಪ್ಪನವರನ್ನು ನಾನೇ ಒಪ್ಪಿಸಿ ಕರೆತಂದೆ. ಶಾಲು ಹೊದಿಸಿ, "ನಿಮ್ಮ ಶೌರ್ಯದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಎಂದೆ.

"ನಾನು ಬಂದೂಕ ಹಾರಿಸಿದೋನಲ್ಲ, ಹೇಸರಗತ್ತೆ ನೋಡ್ಕೊಳ್ತಿದ್ದೋನು" ಎಂದರು. ಮಕ್ಕಳು ಗೊಳ್ಳೆಂದು ನಕ್ಕರು. ಅವರು ನಗಲಿಲ್ಲ. "ಕಾಡಲ್ಲಿ ಅವು ಕಿರುಚಿದ್ರೆ ಶತ್ರುಗೆ ಗೊತ್ತಾಯ್ತದೆ ಅಂತ ಡಾಕ್ಟ್ರು ಗಂಟಲು ಕುಯ್ದು ದನಿ ತೆಗೆದ್ರು. ತಲೆ ಹಿಡ್ಕೊಂಡಿದ್ದೋನು ನಾನು. ಆಮೇಲೆ ಗುಂಡು ಬಿದ್ದಾಗ್ಲೂ ಅವು ಬಾಯಿ ತೆರೀತಿದ್ವು, ಸದ್ದೇ ಬತ್ತಿರಲಿಲ್ಲ..."

ಹೆಡ್‌ಮಾಸ್ಟರು ನನ್ನತ್ತ ಕಣ್ಣು ಬಿಟ್ಟರು. ನಾನು ಹೆದರಿ ಚಪ್ಪಾಳೆ ತಟ್ಟಿಬಿಟ್ಟೆ. ಮಕ್ಕಳೂ ತಟ್ಟಿದರು. ಆ ಗದ್ದಲದಲ್ಲಿ ಸಿದ್ದಪ್ಪನವರ ತುಟಿ ಇನ್ನೂ ಅಲ್ಲಾಡುತ್ತಲೇ ಇತ್ತು.

"ಮುಗೀತಾ ಮೇಷ್ಟ್ರೇ?" ಎಂದು ಕೇಳಿ, ಶಾಲು ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದರು. ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಿಕ್ಕ ಮಾತು ಏನಿತ್ತೋ, ಯಾರೂ ಕೇಳಲೇ ಇಲ್ಲ.

ಶಾಲಾ ಇನ್‌ಸ್ಪೆಕ್ಟರ್ ಕಚೇರಿಗೆ ವರದಿ ಬರೆದವನೂ ನಾನೇ: 'ಮಾಜಿ ಸೈನಿಕರಿಂದ ಸ್ಫೂರ್ತಿದಾಯಕ ಭಾಷಣ.' ಅಕ್ಷರ ಬಹಳ ದುಂಡಗಿದೆ ಎಂದು ಹೆಡ್‌ಮಾಸ್ಟರು ಮೆಚ್ಚಿಕೊಂಡರು.